ಬಾಣ ನೆಟ್ಟಗೆ ಹಾರಬೇಕಾದರೆ: ಕಡ್ಡಿ ಆರಿಸುವುದರಿಂದ ಗರಿಯಿಲ್ಲದ ಪರೀಕ್ಷೆಯವರೆಗೆ

ಬಾಣ ಬಿಟ್ಟ ಕೂಡಲೇ ಎಲ್ಲರ ಕಣ್ಣೂ ಗುರಿಯ ಕಡೆಗೆ ಓಡುತ್ತದೆ. ಯಾವ ಬಣ್ಣಕ್ಕೆ ತಾಗಿತು, ಎಷ್ಟು ಅಂಕ ಬಂತು ಅಂತ ನೋಡುತ್ತೇವೆ. ಒಂದು ದಿನ ಬೇರೆ ಥರ ನೋಡಿ. ಜೊತೆಯವರು ಬಾಣ ಬಿಡುವಾಗ ಅವರ ಬೆನ್ನ ಹಿಂದೆ ನಿಂತು, ಬಾಣದ ಬಾಲವನ್ನು ಮಾತ್ರ ಗಮನಿಸಿ. ಕೆಲವರ ಬಾಣ ದಾರ ಎಳೆದ ಹಾಗೆ ಹೋಗುತ್ತದೆ. ಕೆಲವರದ್ದು ಮೀನಿನ ಬಾಲದ ಹಾಗೆ ಎಡಬಲಕ್ಕೆ ಅಲ್ಲಾಡುತ್ತಾ ಹೋಗುತ್ತದೆ. ಇನ್ನು ಕೆಲವರದ್ದು ಮೇಲೆ ಕೆಳಗೆ ಕುಣಿಯುತ್ತದೆ. ಅಲ್ಲಾಡುವ ಬಾಣವೂ ಒಮ್ಮೊಮ್ಮೆ ಹತ್ತಕ್ಕೆ ತಾಗುತ್ತದೆ, ನಿಜ. ಆದರೆ ಕೈ ಸ್ವಲ್ಪ ತಪ್ಪಿದರೂ, ಗಾಳಿ ಸ್ವಲ್ಪ ಬೀಸಿದರೂ ಅದು ಎಲ್ಲೋ ಹೋಗಿರುತ್ತದೆ.

ಬಾಣ ಅಲ್ಲಾಡಿದರೆ ಹೆಚ್ಚಿನವರು ಮೊದಲು ಗರಿಯ ಮೇಲೆ ಅನುಮಾನ ಪಡುತ್ತಾರೆ. ದೊಡ್ಡ ಗರಿ ಹಾಕುತ್ತಾರೆ, ಗರಿಯನ್ನು ಇನ್ನಷ್ಟು ಓರೆ ಮಾಡುತ್ತಾರೆ. ಅಲ್ಲಾಟ ಕಮ್ಮಿಯಾದಂತೆ ಕಾಣುತ್ತದೆ. ಆದರೆ ಗರಿ ಮಾಡುವುದು ರಿಪೇರಿ ಕೆಲಸ. ಬಾಣ ಬಿಲ್ಲು ಬಿಡುವಾಗಲೇ ಓರೆಯಾಗಿ ಹೊರಟಿದ್ದರೆ, ಅದನ್ನು ದಾರಿಗೆ ತರುವುದಷ್ಟೇ ಗರಿಯ ಪಾಲು. ನೆಟ್ಟಗೆ ಹಾರುವುದು ತೀರ್ಮಾನವಾಗುವುದು ಹೆದೆ ಬಾಣವನ್ನು ತಳ್ಳುವ ಆ ಒಂದು ಕ್ಷಣದಲ್ಲಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಗರಿಗಿಂತ ಮುಂಚೆ ಕಡ್ಡಿಯ ಮಾತು ಬರುತ್ತದೆ. ಕೊನೆಯಲ್ಲಿ ಗರಿ ತೆಗೆದೇ ಪರೀಕ್ಷೆ ಮಾಡುತ್ತೇವೆ.

ಎಡ-ಬಲ ಅಂತ ಎಲ್ಲಿ ಹೇಳಿದರೂ ಅದು ಬಲಗೈಯಲ್ಲಿ ಹೆದೆ ಎಳೆಯುವವರಿಗೆ. ಎಡಗೈಯವರು ಅದನ್ನು ತಿರುಗಿಸಿ ಓದಿಕೊಳ್ಳಿ.

ಬಾಣ ಬಳುಕಲೇಬೇಕು

ಬೆರಳಿನಿಂದ ಹೆದೆ ಬಿಡುವಾಗ ಅದು ನೇರವಾಗಿ ಮುಂದೆ ಹೋಗುವುದಿಲ್ಲ. ಬೆರಳ ತುದಿಯ ಮೇಲೆ ಜಾರಿ ಸ್ವಲ್ಪ ಪಕ್ಕಕ್ಕೆ ಸರಿದು ಮುಂದೆ ಹೋಗುತ್ತದೆ. ಹಿಂದಿನಿಂದ ಹೆದೆ ಜೋರಾಗಿ ತಳ್ಳುತ್ತದೆ, ಮುಂದೆ ಮೊನೆಯ ತೂಕ ಕದಲಲು ತಡಮಾಡುತ್ತದೆ. ನಡುವೆ ಸಿಕ್ಕ ಕಡ್ಡಿ ಬಾಗದೆ ಏನು ಮಾಡೀತು? ಮೊದಲು ಬಿಲ್ಲಿನ ಕಡೆಗೆ ಬಾಗಿ ಪ್ಲಂಜರ್ ಬಟನ್ (ಬಾಣದ ಪಕ್ಕಕ್ಕೆ ತಾಗಿ ನಿಲ್ಲುವ ಸ್ಪ್ರಿಂಗ್ ಗುಂಡಿ) ಮೇಲೆ ಒತ್ತುತ್ತದೆ. ಆಮೇಲೆ ಎದುರು ದಿಕ್ಕಿಗೆ ಬಾಗಿ ಬಿಲ್ಲಿನ ಹಿಡಿಕೆಯನ್ನು ಸುತ್ತಿಕೊಂಡು ಹೋಗುತ್ತದೆ. ಬಾಲದ ಕಡೆ ಹಿಡಿಕೆಗೆ ತಾಗದೆ ದಾಟುವುದು ಈ ಬಳುಕಿನಿಂದಲೇ. ಬಿಲ್ಲು ದಾಟಿದ ಮೇಲೂ ಬಾಣ ಒಂದಷ್ಟು ದೂರ ಬಳುಕುತ್ತಾ ಹೋಗಿ ನಿಧಾನಕ್ಕೆ ಶಾಂತವಾಗುತ್ತದೆ. ಬಾಣವನ್ನು ಬಿಲ್ಲಿನ ಪಕ್ಕದಲ್ಲಿಟ್ಟು ಬಿಟ್ಟರೂ ಅದು ನೇರ ಹೋಗುವುದಕ್ಕೆ ಕಾರಣ ಇದೇ.

ಅಂದರೆ ಬಳುಕು ತಪ್ಪಲ್ಲ. ಅಳತೆ ತಪ್ಪಿದ ಬಳುಕು ತಪ್ಪು. ಕಡ್ಡಿ ತೀರಾ ಗಡಸಾದರೆ ಸಾಕಷ್ಟು ಬಾಗದೆ ಎಡಕ್ಕೆ ಹೋಗುತ್ತದೆ. ತೀರಾ ಮೆದುವಾದರೆ ಜಾಸ್ತಿ ಬಾಗಿ ಬಲಕ್ಕೆ ಹೋಗುತ್ತದೆ.

ಕಾಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ರಿಲೀಸ್ ಏಡ್, ಅಂದರೆ ಬೆರಳಿನ ಬದಲು ಹೆದೆ ಹಿಡಿದು ಬಿಡುವ ಸಾಧನ ಬಳಸುವವರಿಗೆ ಕಥೆ ಸ್ವಲ್ಪ ಬೇರೆ. ಹೆದೆ ಪಕ್ಕಕ್ಕೆ ಜಾರುವುದಿಲ್ಲ, ಹಾಗಾಗಿ ಬಳುಕು ಹೆಚ್ಚಾಗಿ ಮೇಲೆ-ಕೆಳಗೆ ಇರುತ್ತದೆ. ಗಡಸು ಕಡ್ಡಿಯನ್ನು ಅವರ ಬಿಲ್ಲು ಬೆರಳಿನವರ ಬಿಲ್ಲಿಗಿಂತ ಚೆನ್ನಾಗಿ ಸಹಿಸಿಕೊಳ್ಳುತ್ತದೆ.

ಮೊದಲು ನಿಮ್ಮ ಎರಡು ಅಳತೆ

ಬಾಣ ಕೊಳ್ಳುವ ಮುಂಚೆ ಎರಡು ಅಂಕಿ ಗೊತ್ತಿರಬೇಕು: ನಿಮ್ಮ ಬೆರಳಿಗೆ ಬೀಳುವ ನಿಜವಾದ ತೂಕ ಮತ್ತು ನೀವು ಎಳೆಯುವ ನಿಜವಾದ ಉದ್ದ.

ರಿಕರ್ವ್ ಬಿಲ್ಲಿನ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಲಿಂಬ್ ಮೇಲೆ, ಅಂದರೆ ಹಿಡಿಕೆಯ ಮೇಲೆ ಕೆಳಗೆ ಇರುವ ಬಾಗುವ ತೋಳಿನ ಮೇಲೆ, 30 ಪೌಂಡ್ ಅಂತ ಬರೆದಿದ್ದರೆ, ಅದು 28 ಇಂಚು ಎಳೆದಾಗಿನ ತೂಕ. ನೀವು 26 ಇಂಚು ಮಾತ್ರ ಎಳೆದರೆ ನಿಮ್ಮ ಬೆರಳಿಗೆ ಸಿಗುವುದು ಸುಮಾರು 26 ಪೌಂಡ್. ಒಂದು ಇಂಚಿಗೆ ಸರಿಸುಮಾರು ಎರಡು ಪೌಂಡ್ ಹೆಚ್ಚುಕಮ್ಮಿ ಎಂಬುದು ಅಂದಾಜಿನ ಲೆಕ್ಕ. ಕೊಕ್ಕೆ ಇರುವ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ನೀವು ನಿಲ್ಲುವ ಜಾಗದವರೆಗೆ ಎಳೆದು ಓದಿಕೊಂಡರೆ ಅಂದಾಜಿನ ತಂಟೆಯೇ ಇಲ್ಲ.

ಉದ್ದ ಅಳೆಯಲು ಒಂದು ಉದ್ದನೆಯ ಬಾಣ ಬೇಕು, ಜೊತೆಗೆ ಇನ್ನೊಬ್ಬರು ಬೇಕು. ಎಂದಿನಂತೆ ಎಳೆದು, ಮುಖಕ್ಕೆ ಕೈ ತಂದು ನಿಲ್ಲಿ. ಹಿಡಿಕೆಯ ಮುಂದಿನ ಅಂಚು ಬಾಣದ ಮೇಲೆ ಎಲ್ಲಿ ಬರುತ್ತದೋ ಅಲ್ಲಿ ಅವರು ಗುರುತು ಹಾಕಲಿ. ಹೆದೆಯನ್ನು ಮೆಲ್ಲಗೆ ವಾಪಸ್ ತನ್ನಿ. ಹೀಗೆ ಐದಾರು ಸಲ ಮಾಡಿ. ಗುರುತುಗಳೆಲ್ಲ ಒಂದೇ ಕಡೆ ಬಿದ್ದರೆ ನಿಮ್ಮ ಎಳೆತ ನೆಲೆಯೂರಿದೆ ಅಂತ ಅರ್ಥ. ಒಂದೊಂದು ಸಲಕ್ಕೂ ಒಂದಿಂಚು ಆಚೀಚೆ ಆದರೆ ದುಬಾರಿ ಬಾಣ ಸದ್ಯಕ್ಕೆ ಬೇಡ. ಎಳೆತ ಗಟ್ಟಿಯಾಗುವವರೆಗೆ ಸಾಧಾರಣ ಬಾಣದಲ್ಲೇ ಅಭ್ಯಾಸ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮೊದಲ ವರ್ಷದಲ್ಲಿ ಎಳೆತದ ಉದ್ದವೂ ಬದಲಾಗುತ್ತದೆ, ಲಿಂಬ್ ತೂಕವೂ ಏರುತ್ತದೆ. ಇವತ್ತು ಸರಿಹೊಂದಿದ ಬಾಣ ಆರು ತಿಂಗಳಿಗೆ ಮೆದುವಾಗಿರುತ್ತದೆ.

ಬಾಣದ ಉದ್ದ ಎಂದರೆ ಬಾಲದ ತುದಿಯ ನಾಕ್‌ನಲ್ಲಿ ಹೆದೆ ಕೂರುವ ತಗ್ಗಿನಿಂದ ಕಡ್ಡಿಯ ಮುಂದಿನ ತುದಿಯವರೆಗೆ. ಮೊನೆ ಲೆಕ್ಕಕ್ಕಿಲ್ಲ. ಹೊಸಬರು ಪೂರ್ತಿ ಎಳೆದಾಗ ಬಾಣದ ತುದಿ ರೆಸ್ಟ್‌ಗಿಂತ (ಬಿಲ್ಲಿನ ಮೇಲೆ ಬಾಣ ಕೂರುವ ಆಸರೆ) ಕನಿಷ್ಠ ಎರಡು ಇಂಚು ಮುಂದೆ ಇರಲಿ. ಬಾಣ ಗಿಡ್ಡವಾಗಿ ರೆಸ್ಟ್‌ನಿಂದ ಹಿಂದಕ್ಕೆ ಜಾರಿದ ಸ್ಥಿತಿಯಲ್ಲಿ ಹೆದೆ ಬಿಟ್ಟರೆ ಅದು ಕೈಗೇ ಹೊಕ್ಕುತ್ತದೆ. ಹಾಗೇ, ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ. ಬಿಲ್ಲು ಮುರಿಯಬಹುದು.

ಸ್ಪೈನ್ ಅಂಕಿ ಓದುವುದು ಹೇಗೆ

ಕಡ್ಡಿಯ ಗಡಸುತನಕ್ಕೆ ಸ್ಪೈನ್ ಅನ್ನುತ್ತಾರೆ. ಅಳೆಯುವ ಬಗೆ ಸರಳ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿ ಇಟ್ಟು, ನಟ್ಟನಡುವೆ 880 ಗ್ರಾಂ ತೂಕ ತೂಗುಹಾಕುತ್ತಾರೆ. ಅದು ಇಂಚಿನ ಸಾವಿರದ ಎಷ್ಟನೇ ಪಾಲು ಕೆಳಗೆ ಬಾಗಿತೋ ಅದೇ ಸ್ಪೈನ್. 500 ಅಂತ ಇದ್ದರೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಬಾಗಿದೆ. 1000 ಅಂದರೆ ಪೂರಾ ಒಂದಿಂಚು. ಅಂಕಿ ದೊಡ್ಡದಾದಷ್ಟೂ ಕಡ್ಡಿ ಮೆದು. ಇದು ಮೊದಮೊದಲು ಎಲ್ಲರಿಗೂ ತಿರುವುಮುರುವು ಆಗುತ್ತದೆ.

ಅಲ್ಯೂಮಿನಿಯಂ ಬಾಣದಲ್ಲಿ ನಾಲ್ಕು ಅಂಕಿ ಇರುತ್ತವೆ. 1816 ಅಂತ ಇದ್ದರೆ ಮೊದಲ ಎರಡು ಅಂಕಿ ಕೊಳವೆಯ ದಪ್ಪ, ಇಂಚಿನ 64ನೇ ಪಾಲುಗಳಲ್ಲಿ 18. ಕೊನೆಯ ಎರಡು ಗೋಡೆಯ ದಪ್ಪ, ಇಂಚಿನ ಸಾವಿರದ ಪಾಲುಗಳಲ್ಲಿ 16. ಇದು ಸ್ಪೈನ್ ಅಲ್ಲ. ಸ್ಪೈನ್ ಬೇಕಾದರೆ ತಯಾರಕರ ಪಟ್ಟಿಯಲ್ಲೇ ನೋಡಬೇಕು.

ಪ್ರತಿ ತಯಾರಕರೂ ಒಂದು ಆಯ್ಕೆ ಪಟ್ಟಿ ಕೊಡುತ್ತಾರೆ. ಅದರಲ್ಲಿ ನಿಮ್ಮ ತೂಕದ ಸಾಲು ಹಿಡಿದು, ಬಾಣದ ಉದ್ದದ ಕಂಬಕ್ಕೆ ಬಂದರೆ ಸ್ಪೈನ್ ಸಿಗುತ್ತದೆ. ರಿಕರ್ವ್‌ಗೂ ಕಾಂಪೌಂಡ್‌ಗೂ ಬೇರೆ ಬೇರೆ ಕಂಬ ಇರುತ್ತದೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರ ಕಡ್ಡಿಗೆ ಬಳಸಬೇಡಿ.

ಆದರೆ ಪಟ್ಟಿಯ ಅಂಕಿ ಕಡ್ಡಿಯನ್ನು ಸುಮ್ನೆ ಮಲಗಿಸಿ ಅಳೆದದ್ದು. ಬಿಲ್ಲಿನಿಂದ ಹೊರಡುವಾಗ ಅದೇ ಕಡ್ಡಿ ಬೇರೆ ಥರ ವರ್ತಿಸುತ್ತದೆ. ಬಾಣ ಉದ್ದವಾದಷ್ಟೂ ಮೆದು. ಮೊನೆ ಭಾರವಾದಷ್ಟೂ ಮೆದು. ಬಿಲ್ಲಿನ ತೂಕ, ಅಂದರೆ ಎಳೆದಾಗ ಬೆರಳಿಗೆ ಬೀಳುವ ತೂಕ, ಏರಿದಷ್ಟೂ ಮೆದು. ಕತ್ತರಿಸಿದರೆ, ಮೊನೆ ಹಗುರ ಮಾಡಿದರೆ, ಬಿಲ್ಲಿನ ತೂಕ ಇಳಿಸಿದರೆ ಗಡಸು. ಬಾಲದ ತುದಿಗೆ ತೂಕ ಸೇರಿದರೂ ಬಾಣ ಸ್ವಲ್ಪ ಗಡಸಾಗಿಯೇ ವರ್ತಿಸುತ್ತದೆ. ಈ ನಾಲ್ಕೈದು ಸಾಲು ಬಾಯಿಪಾಠ ಆಗಿದ್ದರೆ ಮುಂದಿನ ಕೆಲಸ ಅರ್ಧ ಮುಗಿದ ಹಾಗೆ.

ನಾನು ಒಮ್ಮೆ ಆರು ಕಡ್ಡಿಗಳನ್ನು ಪಟ್ಟಿ ನೋಡಿ ನೇರವಾಗಿ ಕೊನೆಯ ಅಳತೆಗೇ ಕತ್ತರಿಸಿಬಿಟ್ಟೆ. ಪರೀಕ್ಷೆಗೆ ನಿಂತಾಗ ಆರೂ ಗಡಸು. ಭಾರದ ಮೊನೆ ಹಾಕಿ ನೋಡಿದೆ, ಬಟನ್ ಸಡಿಲಿಸಿ ನೋಡಿದೆ, ಪೂರ್ತಿ ಹಾದಿಗೆ ಬರಲಿಲ್ಲ. ಅವತ್ತಿನಿಂದ ಬೇಕಾದ್ದಕ್ಕಿಂತ ಒಂದಿಂಚು ಉದ್ದ ಬಿಟ್ಟು, ಪರೀಕ್ಷೆ ಮಾಡುತ್ತಾ ಕಾಲಿಂಚು ಕಾಲಿಂಚು ಕತ್ತರಿಸುತ್ತೇನೆ. ಮೆದುವಾದದ್ದನ್ನು ಕತ್ತರಿಸಿ ಗಡಸು ಮಾಡಬಹುದು. ಕತ್ತರಿಸಿದ್ದನ್ನು ಕೂಡಿಸಲಾಗದು.

ಯಾವ ವಸ್ತುವಿನ ಬಾಣ

ಕಲಿಯುವವರಿಗೆ, ಒಳಾಂಗಣದಲ್ಲಿ 18 ಮೀಟರ್ ಹೊಡೆಯುವವರಿಗೆ ಅಲ್ಯೂಮಿನಿಯಂ ಒಳ್ಳೆಯದು. ತೂಕ ಮತ್ತು ಗಡಸುತನ ಬಾಣದಿಂದ ಬಾಣಕ್ಕೆ ಸಮವಾಗಿರುತ್ತದೆ. ಬಾಗಿದರೆ ನೆಟ್ಟಗೆ ಮಾಡಲೂಬಹುದು. ಕಾರ್ಬನ್ ಹಗುರ, ವೇಗ ಜಾಸ್ತಿ, ಬಾಗಿ ಉಳಿಯುವುದಿಲ್ಲ. ನೆಟ್ಟಗಿರುತ್ತದೆ, ಇಲ್ಲವೇ ಒಡೆಯುತ್ತದೆ. 70 ಮೀಟರ್ ಹೊಡೆಯುವವರು ಗಾಳಿಗೆ ಕಮ್ಮಿ ಸಿಗುವ ಸಣ್ಣ ಕಡ್ಡಿ ಬಯಸುತ್ತಾರೆ. ಒಳಗೆ ಅಲ್ಯೂಮಿನಿಯಂ, ಹೊರಗೆ ಕಾರ್ಬನ್ ಇರುವ ಬಾಣಗಳು ಅಲ್ಲಿ ಹೆಚ್ಚು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕಾಣಿಸಿಕೊಂಡ ಈಸ್ಟನ್ ಎಕ್ಸ್10 ಈ ಬಗೆಯದ್ದು. ಅದು ನಡುವೆ ದಪ್ಪ, ಎರಡು ತುದಿಗೆ ಸಣ್ಣ. ಇಂಥ ಕಡ್ಡಿಯನ್ನು ಯಾವ ತುದಿಯಿಂದ ಎಷ್ಟು ಕತ್ತರಿಸಬಹುದು ಎಂಬುದಕ್ಕೆ ತಯಾರಕರ ಸೂಚನೆ ಇರುತ್ತದೆ. ಅದನ್ನು ಮೀರಿದರೆ ಸ್ಪೈನ್ ಲೆಕ್ಕವೇ ತಪ್ಪುತ್ತದೆ.

ಒಳಾಂಗಣದಲ್ಲಿ ಗಾಳಿಯ ಚಿಂತೆ ಇಲ್ಲ. ದಪ್ಪ ಕಡ್ಡಿ ಗೆರೆಗೆ ತಾಗಿದರೂ ಮೇಲಿನ ಅಂಕ ಸಿಗುತ್ತದೆ ಅಂತ ಅಲ್ಲಿ ದಪ್ಪನೆಯದನ್ನೇ ಆರಿಸುತ್ತಾರೆ. ವರ್ಲ್ಡ್ ಆರ್ಚರಿ ನಿಯಮದ ಪ್ರಕಾರ ಕಡ್ಡಿಯ ದಪ್ಪ 9.3 ಮಿ.ಮೀ. ಮೀರುವಂತಿಲ್ಲ. ಆದರೆ ಸ್ಪೈನ್ ಕೆಡಿಸಿಕೊಂಡು ದಪ್ಪದ ಹಿಂದೆ ಹೋಗಬೇಡಿ. ಅಷ್ಟು ದಪ್ಪದ ಕಡ್ಡಿಗಳು ಸಾಮಾನ್ಯವಾಗಿ ಗಡಸು, ಹಗುರ ಬಿಲ್ಲಿಗೆ ಹೊಂದುವುದಿಲ್ಲ.

ತೂಕದ ಒಂದು ಮಿತಿ ನೆನಪಿರಲಿ. ಬಾಣ ತೀರಾ ಹಗುರವಾದರೆ ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಬಿಲ್ಲಿಗೇ ಪೆಟ್ಟು ಕೊಡುತ್ತದೆ. ಕಾಂಪೌಂಡ್‌ನಲ್ಲಿ ಒಂದು ಪೌಂಡಿಗೆ 5 ಗ್ರೇನ್‌ಗಿಂತ ಕಮ್ಮಿ ಬೇಡ ಎಂಬುದು ಬಳಕೆಯ ಲೆಕ್ಕ. 50 ಪೌಂಡ್ ಬಿಲ್ಲಿಗೆ ಪೂರ್ತಿ ಬಾಣ 250 ಗ್ರೇನ್, ಅಂದರೆ ಸುಮಾರು 16 ಗ್ರಾಂ. ಬಿಲ್ಲಿನ ತಯಾರಕರು ಇದಕ್ಕಿಂತ ಹೆಚ್ಚು ಹೇಳಿದ್ದರೆ ಅವರ ಮಾತೇ ನಡೆಯಲಿ.

ಬಾಣ ಕಟ್ಟುವುದು

ಕಡ್ಡಿ ಕತ್ತರಿಸಲು ವೇಗವಾಗಿ ತಿರುಗುವ ಸವೆತದ ಚಕ್ರ ಇರುವ ಗರಗಸ ಬೇಕು. ಕಾರ್ಬನ್‌ಗೆ ಪೈಪ್ ಕಟರ್, ಕೈಗರಗಸ ಬಳಸಿದರೆ ನಾರು ಸೀಳುತ್ತದೆ. ಕತ್ತರಿಸುವಾಗ ಮಾಸ್ಕ್, ಕನ್ನಡಕ ಇರಲಿ. ಆ ಪುಡಿ ಉಸಿರಿಗೆ ಹೋಗಬಾರದು. ಕತ್ತರಿಸಿದ ತುದಿ ಚೌಕವಾಗಿರಬೇಕು. ನುಣುಪು ಉಪ್ಪುಕಾಗದದ ಮೇಲೆ ಕಡ್ಡಿಯನ್ನು ನೇರ ನಿಲ್ಲಿಸಿ ಮೆಲ್ಲಗೆ ತಿರುಗಿಸಿದರೆ ಸಾಕು. ತುದಿ ಓರೆ ಇದ್ದರೆ ಮೊನೆಯೂ ಓರೆ ಕೂರುತ್ತದೆ.

ಮೊನೆ ಅಂಟಿಸುವ ಮುಂಚೆ ಹತ್ತಿ ಸುತ್ತಿದ ಸಣ್ಣ ಕೋಲಿಗೆ ಸ್ಪಿರಿಟ್ ಹಚ್ಚಿ ಕಡ್ಡಿಯ ಒಳಗಿನ ಪುಡಿ ತೆಗೆಯಿರಿ. ಕಾಯಿಸಿ ಅಂಟಿಸುವ ಗೋಂದು ಒಳ್ಳೆಯದು, ಬೇಕಾದಾಗ ಮೊನೆ ಬದಲಿಸಬಹುದು. ಆದರೆ ಬಿಸಿ ಮಾಡಬೇಕಾದ್ದು ಮೊನೆಯನ್ನು, ಕಡ್ಡಿಯನ್ನಲ್ಲ. ಇಕ್ಕಳದಲ್ಲಿ ಮೊನೆ ಹಿಡಿದು, ಗೋಂದು ಕರಗುವಷ್ಟು ಮಾತ್ರ ಕಾಯಿಸಿ, ತಿರುಗಿಸುತ್ತಾ ಒಳಗೆ ತಳ್ಳಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಕಾರ್ಬನ್‌ಗೆ ತಾಗಿದರೆ ಅದರ ಅಂಟು ಸತ್ತು ಕಡ್ಡಿ ದುರ್ಬಲವಾಗುತ್ತದೆ. ಹೊಸ ಬಾಣಕ್ಕೆ ಬಾಲದ ತುಂಡು ಮುರಿದು ತೂಕ ಇಳಿಸಬಹುದಾದ ಮೊನೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸ್ಪೈನ್ ಹೊಂದಿಸಲು ಕೈಗೆ ಸುಲಭ.

ಮೊನೆ ಕೂರಿಸಿದ ಮೇಲೆ ಬಾಣವನ್ನು ಅಂಗೈಯಲ್ಲಿ ಮೊನೆ ಊರಿ ನಿಲ್ಲಿಸಿ ಬುಗುರಿಯಂತೆ ತಿರುಗಿಸಿ ನೋಡಿ. ಸರಿಯಾಗಿದ್ದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಎಲ್ಲೋ ಓರೆ ಇದ್ದರೆ ಅಂಗೈಯಲ್ಲಿ ಸಣ್ಣ ನಡುಕ ತಿಳಿಯುತ್ತದೆ. ಕಣ್ಣಿಗಿಂತ ಅಂಗೈ ಇದನ್ನು ಬೇಗ ಹಿಡಿಯುತ್ತದೆ.

ಈಗ ನಾಕ್. ತುಂಬಾ ಜನ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ, ನನ್ನ ಪ್ರಕಾರ ಅತಿ ಹೆಚ್ಚು ಬಾಣ ಕೆಡುವುದು ಇಲ್ಲೇ. ಬಾಣವನ್ನು ಹೆದೆಗೆ ಸಿಕ್ಕಿಸಿ, ಬಿಲ್ಲನ್ನು ಅಡ್ಡಲಾಗಿ ಹಿಡಿದು ಬಾಣ ಕೆಳಗೆ ನೇತಾಡುವಂತೆ ಬಿಡಿ. ತಾನಾಗಿ ಬೀಳಬಾರದು. ಹೆದೆಯ ಮೇಲೆ, ನಾಕ್‌ಗೆ ಹತ್ತಿರ, ಬೆರಳಿನಿಂದ ಒಂದು ಸಣ್ಣ ಏಟು ಕೊಡಿ. ಬೀಳಬೇಕು. ಎರಡು ಮೂರು ಏಟಿಗೂ ಬೀಳದಿದ್ದರೆ ಬಿಗಿ ಜಾಸ್ತಿ. ಹೆದೆ ಬಾಣವನ್ನು ಬಿಡುವಾಗ ಬಾಲವನ್ನು ಹಿಡಿದೆಳೆಯುತ್ತದೆ, ಬಾಣ ಓರೆಯಾಗಿ ಹೊರಡುತ್ತದೆ. ತಾನೇ ಬಿದ್ದರೆ ಸಡಿಲ, ಅದು ಅಪಾಯ. ಹೆದೆ ಬಿಟ್ಟ ಕ್ಷಣಕ್ಕೆ ಬಾಣ ಅಲ್ಲಿಲ್ಲದಿದ್ದರೆ ಬಿಲ್ಲಿಗೆ ಖಾಲಿ ಹೊಡೆತ ಬೀಳುತ್ತದೆ. ನಾಕ್ ಬದಲಿಸುವ ಬದಲು ಹೆದೆಯ ನಡುವಿನ ಸುತ್ತನ್ನು ಸಣ್ಣ ಅಥವಾ ದಪ್ಪ ದಾರದಲ್ಲಿ ಮತ್ತೆ ಸುತ್ತಿದರೂ ಈ ಬಿಗಿ ಸರಿಹೋಗುತ್ತದೆ.

ಗರಿಗೆ ಬರೋಣ. ಮೂರು ಗರಿ, ಒಂದರಿಂದೊಂದು 120 ಡಿಗ್ರಿ. ರಿಕರ್ವ್‌ನಲ್ಲಿ ಬೇರೆ ಬಣ್ಣದ ಗರಿ ಹಿಡಿಕೆಯಿಂದ ಆಚೆಗೆ ಮುಖ ಮಾಡಿರಬೇಕು, ಉಳಿದೆರಡು ಹಿಡಿಕೆಗೆ ತಾಗದೆ ದಾಟುವುದಕ್ಕೆ. ಗರಿ ಅಂಟಿಸುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಗರಿಯ ಹಿಂದಿನ ತುದಿಗೂ ನಾಕ್‌ಗೂ ಸುಮಾರು ಒಂದಿಂಚು ಬಿಟ್ಟರೆ ಬೆರಳು ತಾಗುವುದಿಲ್ಲ. ಗರಿಯನ್ನು ಒಂದೆರಡು ಡಿಗ್ರಿ ಓರೆಯಾಗಿ ಕೂರಿಸಿದರೆ ಬಾಣ ತಿರುಗುತ್ತಾ ಹೋಗುತ್ತದೆ, ಹಾದಿ ಸ್ಥಿರವಾಗುತ್ತದೆ. ಓರೆ ಜಾಸ್ತಿಯಾದರೆ ವೇಗ ಕಳೆಯುತ್ತದೆ. ಹಕ್ಕಿ ಗರಿಯಾದರೆ ಒಂದು ಬಾಣಕ್ಕೆ ಎಡ ರೆಕ್ಕೆ, ಬಲ ರೆಕ್ಕೆ ಬೆರೆಸಬಾರದು. ಬಾಣವನ್ನು ರೆಸ್ಟ್ ಇಲ್ಲದೆ ನೇರ ಹಿಡಿಕೆಯ ಮೇಲಿಟ್ಟು ಹೊಡೆಯುವವರಿಗೆ ಹಕ್ಕಿ ಗರಿಯೇ ಸರಿ, ತಾಗಿದರೆ ಮಡಚಿಕೊಳ್ಳುತ್ತದೆ. ಪ್ಲಾಸ್ಟಿಕ್ ತಾಗಿದರೆ ಬಾಣವನ್ನೇ ತಳ್ಳುತ್ತದೆ.

ಎಲ್ಲ ಕಟ್ಟಿದ ಮೇಲೆ ತೂಗಿ. ಸೆಟ್‌ನ ಹನ್ನೆರಡು ಬಾಣವೂ ಒಂದೆರಡು ಗ್ರೇನ್ ವ್ಯತ್ಯಾಸದೊಳಗೆ ಇದ್ದರೆ ಸಂತೋಷ.

ಮುಂಭಾರ

ಬಾಣದ ತೂಕ ಮುಂದಕ್ಕೆ ಎಷ್ಟು ವಾಲಿದೆ ಎಂಬುದಕ್ಕೆ ಎಫ್ಓಸಿ ಅನ್ನುತ್ತಾರೆ. ಬಾಣವನ್ನು ಬೆರಳ ಮೇಲೆ ತೂಗಿಸಿ ಸಮತೋಲನದ ಜಾಗಕ್ಕೆ ಗುರುತು ಹಾಕಿ. ನಾಕ್‌ನ ತಗ್ಗಿನಿಂದ ಅಲ್ಲಿಗೆ ಇರುವ ದೂರದಲ್ಲಿ ಬಾಣದ ಅರ್ಧ ಉದ್ದ ಕಳೆದು, ಪೂರ್ತಿ ಉದ್ದದಿಂದ ಭಾಗಿಸಿ, 100ರಿಂದ ಗುಣಿಸಿ. 28 ಇಂಚಿನ ಬಾಣ 17.5 ಇಂಚಿಗೆ ಸಮ ನಿಂತರೆ, 17.5ರಲ್ಲಿ 14 ಕಳೆದರೆ 3.5. ಅದನ್ನು 28ರಿಂದ ಭಾಗಿಸಿದರೆ ಶೇ 12.5. ಹೊರಾಂಗಣದ ಗುರಿ ಬಾಣಕ್ಕೆ ಶೇ 10ರಿಂದ 15 ಒಳಗೆ ಇದ್ದರೆ ಚಿಂತೆ ಬೇಡ. ಮುಂಭಾರ ತೀರಾ ಕಮ್ಮಿಯಾದರೆ ಬಾಣ ಗಾಳಿಯಲ್ಲಿ ನಿಲ್ಲದು. ತೀರಾ ಜಾಸ್ತಿಯಾದರೆ ದೂರದಲ್ಲಿ ಬೇಗ ಇಳಿಯುತ್ತದೆ.

ಬಿಲ್ಲನ್ನು ಸಿದ್ಧ ಮಾಡುವುದು

ಬಿಲ್ಲಿನ ಅಳತೆ ಅಲ್ಲಾಡುತ್ತಿದ್ದರೆ ಬಾಣದ ಪರೀಕ್ಷೆಗೆ ಅರ್ಥವಿಲ್ಲ. ಮೊದಲು ಬ್ರೇಸ್ ಹೈಟ್, ಅಂದರೆ ಹಿಡಿಕೆಯ ಆಳವಾದ ತಗ್ಗಿನಿಂದ ಹೆದೆಗೆ ಇರುವ ದೂರ. 68 ಇಂಚಿನ ರಿಕರ್ವ್‌ಗೆ ಸಾಮಾನ್ಯವಾಗಿ 8.5ರಿಂದ 9.25 ಇಂಚು. ಹೆದೆಯನ್ನು ತಿರುಚಿ ಏರಿಸುತ್ತಾ ಹೋಗಿ, ಬಿಲ್ಲಿನ ಸದ್ದು ಎಲ್ಲಿ ಕಮ್ಮಿಯಾಗುತ್ತದೋ ಅಲ್ಲಿ ನಿಲ್ಲಿಸಿ. ಆ ಅಳತೆ ಬರೆದಿಡಿ.

ನಾಕಿಂಗ್ ಪಾಯಿಂಟ್, ಅಂದರೆ ಹೆದೆಯ ಮೇಲೆ ನಾಕ್ ಸಿಕ್ಕಿಸುವ ಜಾಗ, ರೆಸ್ಟ್‌ನಿಂದ ಹೆದೆಗೆ ಚೌಕವಾಗಿ ಹಿಡಿದ ಗೆರೆಗಿಂತ ಸುಮಾರು 6 ಮಿ.ಮೀ. ಮೇಲಿರಲಿ. ಇದು ಆರಂಭ ಮಾತ್ರ. ಆಮೇಲೆ ಹಿಂದೆ ನಿಂತು ಹೆದೆಯನ್ನು ಲಿಂಬ್‌ಗಳ ನಟ್ಟನಡುವೆ ಬರುವಂತೆ ನೋಡಿ. ರಿಕರ್ವ್‌ನಲ್ಲಿ ಬಾಣದ ಮೊನೆ ಹೆದೆಯ ಗೆರೆಗಿಂತ ಒಂಚೂರು ಎಡಕ್ಕೆ ಕಾಣಬೇಕು. ಬಾಣ ಮೊದಲು ಬಟನ್ ಕಡೆಗೆ ಒತ್ತುತ್ತದಲ್ಲ, ಆ ಒತ್ತಿಗೆ ಜಾಗ ಇದು. ಕಾಂಪೌಂಡ್‌ನಲ್ಲಿ ಬಾಣ ಹೆದೆಯ ನೇರಕ್ಕೇ ಇರಲಿ. ಬಟನ್‌ನ ಸ್ಪ್ರಿಂಗ್ ಮಧ್ಯಮ ಬಿಗಿಗೆ ಇಡಿ, ಬಟನ್ ತುದಿ ಕಡ್ಡಿಯ ನಡುಭಾಗಕ್ಕೆ ತಾಗುತ್ತಿರಲಿ.

ಗರಿಯಿಲ್ಲದ ಬಾಣ ಹೇಳುವುದು

ಹನ್ನೆರಡರಲ್ಲಿ ಎರಡು ಬಾಣಕ್ಕೆ ಗರಿ ಹಾಕಬೇಡಿ. ಉಳಿದಂತೆ ಎಲ್ಲವೂ ಒಂದೇ ಇರಲಿ. ನಿಮ್ಮ ಗರಿ ಭಾರದ ಪ್ಲಾಸ್ಟಿಕ್ ಆಗಿದ್ದರೆ ಅಷ್ಟೇ ತೂಕದ ಟೇಪ್ ಅನ್ನು ಅದೇ ಜಾಗಕ್ಕೆ ಸುತ್ತಿ. ತೆಳು ಸುರುಳಿ ಗರಿಗೆ ಈ ತಾಪತ್ರಯ ಬೇಕಿಲ್ಲ.

ಮೊದಲು 10 ಮೀಟರ್‌ನಲ್ಲಿ ಬಿಟ್ಟು ನೋಡಿ. ತೀರಾ ತಪ್ಪು ಸ್ಪೈನ್ ಆಗಿದ್ದರೆ ಗರಿಯಿಲ್ಲದ ಬಾಣ ಗುರಿಹಲಗೆಯನ್ನೇ ತಪ್ಪಿಸಬಹುದು, ಓರೆಯಾಗಿ ಹೊಕ್ಕು ಮುರಿಯಬಹುದು. ಹಿಂದೆ ಯಾರೂ ಇಲ್ಲ ಎಂಬುದು ಖಾತ್ರಿ ಇರಲಿ. ಆಮೇಲೆ 18 ಮೀಟರ್‌ಗೆ ಹೋಗಿ. ಗರಿ ಇರುವ ಮೂರು, ಇಲ್ಲದ ಎರಡು ಬಾಣವನ್ನು ಒಂದೇ ಗುರಿ ಹಿಡಿದು ಬಿಡಿ. ಒಂದು ಸುತ್ತಿನ ಮೇಲೆ ತೀರ್ಪು ಬೇಡ. ಮೂರು ನಾಲ್ಕು ಸುತ್ತು ಬಿಟ್ಟು, ಅದೇ ಕಥೆ ಮತ್ತೆ ಮತ್ತೆ ಬಂದರೆ ಮಾತ್ರ ನಂಬಿ. ಕೈ ತಪ್ಪಿತು ಅಂತ ನಿಮಗೇ ಅನಿಸಿದ ಬಾಣವನ್ನು ಲೆಕ್ಕದಿಂದ ಬಿಡಿ.

ಮೊದಲು ನೋಡಬೇಕಾದ್ದು ಮೇಲೆ-ಕೆಳಗೆ. ಗರಿಯಿಲ್ಲದವು ಗರಿ ಇರುವವುಗಳಿಗಿಂತ ಕೆಳಗೆ ಬಿದ್ದರೆ ನಾಕಿಂಗ್ ಪಾಯಿಂಟ್ ಎತ್ತರವಾಗಿದೆ, ಇಳಿಸಿ. ಮೇಲೆ ಬಿದ್ದರೆ ತಗ್ಗಾಗಿದೆ, ಏರಿಸಿ. ಒಂದು ಸಲಕ್ಕೆ ಒಂದು ಮಿ.ಮೀ. ಸಾಕು. ಇದು ಸರಿಯಾಗುವವರೆಗೆ ಎಡಬಲದ ಗೊಡವೆಗೆ ಹೋಗಬೇಡಿ.

ಆಮೇಲೆ ಎಡಬಲ. ಗರಿಯಿಲ್ಲದವು ಎಡಕ್ಕೆ ಬಿದ್ದರೆ ಬಾಣ ಗಡಸು. ಬಟನ್ ಸ್ಪ್ರಿಂಗ್ ಸಡಿಲಿಸಿ, ಸಾಲದಿದ್ದರೆ ಬಿಲ್ಲಿನ ತೂಕ ಸ್ವಲ್ಪ ಏರಿಸಿ, ಇಲ್ಲವೇ ಭಾರದ ಮೊನೆ ಹಾಕಿ. ಬಲಕ್ಕೆ ಬಿದ್ದರೆ ಮೆದು. ಸ್ಪ್ರಿಂಗ್ ಬಿಗಿ ಮಾಡಿ, ಬಿಲ್ಲಿನ ತೂಕ ಇಳಿಸಿ, ಮೊನೆ ಹಗುರ ಮಾಡಿ, ಕೊನೆಗೆ ಕಾಲಿಂಚು ಕತ್ತರಿಸಿ. ಕತ್ತರಿ ಯಾವಾಗಲೂ ಕೊನೆಯ ಸರದಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಬಟನ್ ಅನ್ನು ಒಂದು ತುದಿಯವರೆಗೆ ತಿರುಗಿಸಿದರೂ ಬಾಣ ಹತ್ತಿರ ಬರದಿದ್ದರೆ ಅದು ಬಟನ್‌ನಿಂದ ಸರಿಹೋಗುವ ಕೆಲಸ ಅಲ್ಲ. ಸ್ಪೈನ್ ತಪ್ಪಿದೆ, ಬೇರೆ ಕಡ್ಡಿ ಬೇಕು. ಬೇಜಾರಾಗುತ್ತದೆ, ಆದರೆ ಒಪ್ಪಿಕೊಂಡರೆ ತಿಂಗಳುಗಟ್ಟಲೆ ಒದ್ದಾಟ ತಪ್ಪುತ್ತದೆ.

ಎಷ್ಟು ಹತ್ತಿರ ಬಂದರೆ ಸಾಕು? 18 ಮೀಟರ್‌ನಲ್ಲಿ ಗರಿಯಿಲ್ಲದವು ಗರಿ ಇರುವವುಗಳ ಗುಂಪಿನಿಂದ ನಾಲ್ಕು ಬೆರಳ ಅಗಲದೊಳಗೆ ಬಿದ್ದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಗುರಿಯಲ್ಲಿ ಅದು ಹೊಕ್ಕ ಕೋನವನ್ನೂ ನೋಡುತ್ತೇನೆ, ಆದರೆ ಹಲಗೆಯ ನಾರು ಬಾಣವನ್ನು ಓರೆ ಮಾಡಬಹುದಾದ್ದರಿಂದ ಬಿದ್ದ ಜಾಗಕ್ಕೇ ಹೆಚ್ಚು ಬೆಲೆ.

ಕಾಗದ ಮತ್ತು ಹಿನ್ನಡೆ

ರಿಲೀಸ್ ಏಡ್ ಬಳಸುವವರು ಕಾಗದದ ಪರೀಕ್ಷೆಯಿಂದ ಶುರು ಮಾಡುವುದು ಹೆಚ್ಚು. ಒಂದು ಚೌಕಟ್ಟಿಗೆ ಕಾಗದ ಬಿಗಿದು, ಒಂದೂವರೆ ಮೀಟರ್ ದೂರದಿಂದ ಅದರ ಮೂಲಕ ಬಾಣ ಬಿಡಿ. ಬಾಣ ಪೂರ್ತಿ ದಾಟುವಂತೆ ಗುರಿಹಲಗೆ ಇನ್ನೂ ಒಂದೂವರೆ ಮೀಟರ್ ಹಿಂದಿರಲಿ. ದುಂಡು ತೂತು ಮೊನೆಯದ್ದು, ಮೂರು ಸೀಳು ಗರಿಯದ್ದು. ಎರಡೂ ಒಂದೇ ಕಡೆ ಇದ್ದರೆ ಬಾಣ ನೆಟ್ಟಗೆ ಹೋಗಿದೆ. ಗರಿಯ ಸೀಳು ಮೇಲಿದ್ದರೆ ನಾಕಿಂಗ್ ಪಾಯಿಂಟ್ ಎತ್ತರ, ಕೆಳಗಿದ್ದರೆ ತಗ್ಗು. ಬೆರಳಿನಿಂದ ಬಿಡುವವರಿಗೆ ಸೀಳು ಬಲಕ್ಕಿದ್ದರೆ ಗಡಸು, ಎಡಕ್ಕಿದ್ದರೆ ಮೆದು. ನಾಕಿಂಗ್ ಪಾಯಿಂಟ್ ಎಷ್ಟು ಇಳಿಸಿದರೂ ಮೇಲಿನ ಸೀಳು ಹೋಗದಿದ್ದರೆ ಬಾಲ ರೆಸ್ಟ್‌ಗೆ ತಾಗಿ ಮೇಲೆ ಪುಟಿಯುತ್ತಿರಬಹುದು. ಕಾಂಪೌಂಡ್‌ನ ಕೇಬಲ್, ಕ್ಯಾಮ್ (ತುದಿಯ ಗಾಲಿ) ಮುಟ್ಟಬೇಕಾಗಿ ಬಂದರೆ ಬಿಲ್ಲನ್ನು ಒತ್ತಿ ಹಿಡಿಯುವ ಪ್ರೆಸ್ ಇರುವ ಅನುಭವಿಗಳ ಹತ್ತಿರ ಮಾಡಿಸಿ.

ಹಿನ್ನಡೆ ಪರೀಕ್ಷೆ ಎಲ್ಲರಿಗೂ ಆಗುತ್ತದೆ. ಗುರಿಯ ಮೇಲೆ ನೆಟ್ಟಗೆ ಒಂದು ದಾರ ಇಳಿಬಿಟ್ಟು, ಸೈಟ್ (ಗುರಿ ಹಿಡಿಯುವ ಸಾಧನ) ಮುಟ್ಟದೆ 5 ಮೀಟರ್‌ನಿಂದ 30 ಮೀಟರ್‌ವರೆಗೆ ಹಿಂದೆ ಹಿಂದೆ ಸರಿಯುತ್ತಾ, ಮೇಲ್ತುದಿಗೆ ಗುರಿ ಹಿಡಿದು ಒಂದೊಂದು ಬಾಣ ಬಿಡಿ. ಬಾಣಗಳು ದಾರದ ಉದ್ದಕ್ಕೆ ಇಳಿದರೆ ಸರಿ. ಗೆರೆ ನೇರವಾಗಿದ್ದು ಎಡಕ್ಕೆ ವಾಲಿದರೆ ಬಟನ್ ಅನ್ನು ಒಳಗೆ ತನ್ನಿ, ಬಲಕ್ಕೆ ವಾಲಿದರೆ ಹೊರಗೆ. ಗೆರೆಯೇ ಬಿಲ್ಲಿನಂತೆ ಬಾಗಿದ್ದರೆ ಸ್ಪ್ರಿಂಗ್ ಬಿಗಿ ನೋಡಬೇಕು.

ಇಷ್ಟಾದರೂ ಬಾಣ ಅಲ್ಲಾಡಿದರೆ ಗರಿ ಎಲ್ಲೋ ತಾಗುತ್ತಿದೆ. ಕಾಲಿಗೆ ಹಾಕುವ ಪುಡಿ ಸ್ಪ್ರೇಯನ್ನು ಗರಿ, ರೆಸ್ಟ್, ಹಿಡಿಕೆಗೆ ಹೊಡೆದು ಒಂದು ಬಾಣ ಬಿಡಿ. ಪುಡಿ ಅಳಿಸಿದ ಜಾಗ ತಾನೇ ತೋರಿಸುತ್ತದೆ. ನಾಕ್ ಅನ್ನು ಸ್ವಲ್ಪ ತಿರುಗಿಸಿದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಏಳನೇ ಬಾಣ

ಪ್ರತಿ ಬಾಣಕ್ಕೂ ಒಂದು ನಂಬರ್ ಬರೆಯಿರಿ. ಸ್ಪರ್ಧೆಯಲ್ಲಿ ಹೇಗೂ ಕಡ್ಡಿಯ ಮೇಲೆ ಹೆಸರು ಅಥವಾ ಇನಿಷಿಯಲ್ ಇರಲೇಬೇಕು, ಪಕ್ಕದಲ್ಲೇ ನಂಬರ್ ಇರಲಿ. ಪ್ರತಿ ಸುತ್ತಿನ ಮೇಲೆ ಯಾವ ನಂಬರ್ ಎಲ್ಲಿ ಬಿತ್ತು ಅಂತ ಕಾಗದದ ಮೇಲೆ ಚುಕ್ಕೆ ಹಾಕಿ.

ನನ್ನ ಹಿಂದಿನ ಸೆಟ್‌ನಲ್ಲಿ ಏಳನೆಯದು ಎಂಟು ಸುತ್ತಿನಲ್ಲಿ ಆರು ಸಲ ಕೆಳಗೆ ಎಡಕ್ಕೆ ಬಿತ್ತು. ತೂಗಿದರೆ ತೂಕ ಸರಿ, ತಿರುಗಿಸಿದರೆ ನಡುಕ ಇಲ್ಲ, ಗರಿ ಹೊಸದು. ಕೊನೆಗೆ ನಾಕ್ ತೆಗೆದು ಬೆಳಕಿಗೆ ಹಿಡಿದೆ. ತಗ್ಗಿನ ಬುಡದಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಬೇರೆ ಬಾಣ ಹಿಂದಿನಿಂದ ತಾಗಿ ಬಿರುಕು ಬಿಟ್ಟಿತ್ತು. ನಾಕ್ ಬದಲಿಸಿದ ಮೇಲೆ ಏಳನೆಯದು ಉಳಿದವುಗಳ ಜೊತೆಗೇ ಬೀಳತೊಡಗಿತು. ನಂಬರ್ ಇಲ್ಲದಿದ್ದರೆ ನಾನು ನನ್ನ ಕೈಯನ್ನೇ ತಿದ್ದಲು ಹೋಗಿರುತ್ತಿದ್ದೆ.

ನಾಕ್ ಚೆನ್ನಾಗಿದ್ದೂ ಒಂದು ಬಾಣ ಹೊರಗೆ ಹೋದರೆ ನಾಕ್ ಅನ್ನು ಮೂರನೇ ಒಂದು ಸುತ್ತು ತಿರುಗಿಸಿ ನೋಡಿ. ಕಡ್ಡಿ ಎಲ್ಲ ಕಡೆಗೂ ಒಂದೇ ಸಮ ಬಾಗುವುದಿಲ್ಲ. ತಿರುಗಿಸಿದಾಗ ಕೆಲವು ಬಾಣ ಗುಂಪಿಗೆ ಸೇರುತ್ತವೆ. ಸೇರದಿದ್ದರೆ ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಕಾರ್ಬನ್ ಬಾಣವನ್ನು ಗುರಿಯಿಂದ ತೆಗೆದಾಗೆಲ್ಲ ಎರಡು ತುದಿ ಹಿಡಿದು, ಮುಖದಿಂದ ದೂರ ಇಟ್ಟು, ಮೆಲ್ಲಗೆ ಬಾಗಿಸಿ ಮತ್ತು ತಿರುಚಿ ನೋಡಿ. ಕಿರಿಕಿರಿ ಸದ್ದು ಬಂದರೆ, ಉಗುರಿಗೆ ಸೀಳು ಸಿಕ್ಕರೆ ಮುರಿದು ಎಸೆಯಿರಿ. ಬಿರುಕು ಬಿಟ್ಟ ಕಡ್ಡಿ ಹೆದೆಯ ಹೊಡೆತಕ್ಕೆ ಸಿಡಿದು ಬಿಲ್ಲು ಹಿಡಿದ ಕೈಗೆ ಚುಚ್ಚುತ್ತದೆ.

ಬ್ರೇಸ್ ಹೈಟ್, ನಾಕಿಂಗ್ ಪಾಯಿಂಟ್, ಬಟನ್ ಎಷ್ಟು ಸುತ್ತು, ಬಿಲ್ಲಿನ ತೂಕ, ಬಾಣದ ಉದ್ದ, ಮೊನೆಯ ತೂಕ, ಇವಿಷ್ಟನ್ನೂ ತಾರೀಖಿನ ಜೊತೆ ಬರೆದು ಬಿಲ್ಲಿನ ಪೆಟ್ಟಿಗೆಯಲ್ಲೇ ಇಡಿ. ಗರಿಯಿಲ್ಲದ ಆ ಎರಡು ಬಾಣಗಳಿಗೂ ಅದೇ ಪೆಟ್ಟಿಗೆಯಲ್ಲಿ ಜಾಗ ಇರಲಿ. ಹೆದೆ ಬದಲಿಸಿದ ದಿನ, ಲಿಂಬ್ ಬದಲಿಸಿದ ದಿನ, ಮೊದಲು ಬಿಡಬೇಕಾದ್ದು ಅವನ್ನೇ.